ತೂತಿಲ್ಲದ ಕಡೆ ರಫೂ

ನರಸಿಂಹರಾಜಪುರದ ಪೇಟೆಯಲ್ಲಿ ದರ್ಜಿ ಅಂಗಡಿಗಳು ಹಲವಿದ್ದವು, ರಫೂ ಅಂಗಡಿ ಒಂದೇ ಇತ್ತು. ಅದು ಅಬ್ದುಲ್ ವಹಾಬ್ ಅವರದು. ಮಳೆಗಾಲ ಮುಗಿದು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಕೊಪ್ಪದಿಂದ, ಶೃಂಗೇರಿಯಿಂದ, ಬಾಳೆಹೊನ್ನೂರಿನಿಂದ ಬಸ್ಸಿನಲ್ಲಿ ಬಟ್ಟೆಯ ಗಂಟುಗಳು ಬರುತ್ತಿದ್ದವು. ಈ ಸೀಮೆಯಲ್ಲಿ ಮಳೆಗಾಲದ ಬಟ್ಟೆ ಬಿಸಿಲು ಕಾಣುವುದಿಲ್ಲ. ಕೆಂಡದ ಮೇಲೆ ಬಿದಿರು ಬುಟ್ಟಿ ಕವುಚಿ, ಅದರ ಮೇಲೆ ಹರಡಿ ಒಣಗಿಸುತ್ತಾರೆ. ಒಂದು ಕಿಡಿ ಹಾರಿದರೆ ರೇಷ್ಮೆ ಪಂಚೆಗೋ ಮದುವೆಯ ಸೀರೆಗೋ ಕಡಲೆಕಾಳಿನಷ್ಟು ತೂತು. ಹಾಗೆ ಸುಟ್ಟದ್ದನ್ನು, ಇಲಿ ಕಡಿದದ್ದನ್ನು, ಮೊಳೆಗೆ ಸಿಕ್ಕಿ ಹರಿದದ್ದನ್ನು ಮೊದಲಿನಂತೆ ಮಾಡಿಕೊಡುವವನು ರಫೂಗಾರ. ಅವನು ತೇಪೆ ಹಾಕುವುದಿಲ್ಲ. ಅದೇ ಬಟ್ಟೆಯ ಒಳ ಮಡಿಕೆಯಿಂದ ನೂಲು ಬಿಡಿಸಿಕೊಂಡು, ಹಾಸು ಹೊಕ್ಕು ಎರಡನ್ನೂ ಒಂದೊಂದು ಎಳೆಯಾಗಿ ಮತ್ತೆ ನೇಯುತ್ತಾನೆ.

ವಹಾಬರ ಅಂಗಡಿಯಲ್ಲಿ ಒಂದು ರಿವಾಜು ಇತ್ತು. ಕೆಲಸ ಮುಗಿದ ಬಟ್ಟೆಯನ್ನು ಚಾಪೆಯ ಮೇಲೆ ಹರಡಿ, ಗಿರಾಕಿಗೆ “ಹುಡುಕಿ” ಎನ್ನುತ್ತಿದ್ದರು. ಕಣ್ಣಿನಿಂದ ಹುಡುಕಬಹುದು, ಅಂಗೈ ಆಡಿಸಬಹುದು, ಬೆಳಕಿಗೆ ಹಿಡಿದು ನೋಡಬಹುದು. ತೂತಿದ್ದ ಜಾಗ ಸಿಕ್ಕಿದರೆ ಕೂಲಿ ಕೊಡಬೇಕಿಲ್ಲ. ಕೊಟ್ಟರೂ ವಹಾಬರು ತೆಗೆದುಕೊಳ್ಳುತ್ತಿರಲಿಲ್ಲ.

ಅವರ ಇಬ್ಬರು ಗಂಡುಮಕ್ಕಳು ಲಾರಿಯ ಸ್ಟೇರಿಂಗ್ ಹಿಡಿದರು. ಸೂಜಿ ಹಿಡಿದದ್ದು ಮಗಳು ಅಖ್ತರ್ ಬಾನು. ಮುತ್ತಿನಕೊಪ್ಪದ ಜಮಾಲ್ ಎಂಬ ಮರದ ನಾಟಾ ಡಿಪೋ ನೌಕರ ಹೆಣ್ಣು ಕೇಳಲು ಬಂದಾಗ ವಹಾಬರು ಇಟ್ಟ ಷರತ್ತು ಒಂದೇ: “ಹುಡುಗಿಯನ್ನ ಕೊಡ್ತೀನಿ, ಅವಳ ಸೂಜಿಯನ್ನ ಕೊಡೋದಿಲ್ಲ.” ಜಮಾಲ್ ಒಪ್ಪಿಕೊಂಡು, ತಂಗಿ ಶಕೀಲಾಳನ್ನೂ ಕರೆದುಕೊಂಡು ಪೇಟೆಯಲ್ಲೇ ಬಾಡಿಗೆ ಮನೆ ಹಿಡಿದರು. ಅಖ್ತರ್ ಬಾನು ಬೆಳಿಗ್ಗೆ ಅಡುಗೆ ಮುಗಿಸಿ ತಂದೆಯ ಅಂಗಡಿಗೆ ಬಂದು, ಹಿಂದಿನ ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು.

ರಫೂ ಕಲಿಯುವವರ ಬೆರಳ ತುದಿಯನ್ನು ಪಟಿಕದ ನೀರಿನಲ್ಲಿ ಅದ್ದಿ ಗಟ್ಟಿ ಮಾಡುವುದು ಆ ಮನೆತನದ ಪದ್ಧತಿ. ಮೆತ್ತಗಿನ ಬೆರಳಿಗೆ ಸೂಜಿ ಚುಚ್ಚಿದರೆ ರಕ್ತ ಬರುತ್ತದೆ, ರೇಷ್ಮೆಗೆ ಕಲೆಯಾಗುತ್ತದೆ. ಹಾಗಾಗಿ ಬೆರಳು ಗಟ್ಟಿಯಾಗುವವರೆಗೆ ರೇಷ್ಮೆ ಮುಟ್ಟುವಂತಿಲ್ಲ; ಹತ್ತಿ, ಹೆಚ್ಚೆಂದರೆ ಉಣ್ಣೆ. ಗಟ್ಟಿ ಬೆರಳು ಆ ಕಸುಬಿನಲ್ಲಿ ಪದವಿ ಇದ್ದ ಹಾಗೆ. ಅಖ್ತರ್ ಬಾನುಗೆ ಅದು ಚಿಕ್ಕ ವಯಸ್ಸಿನಲ್ಲೇ ಬಂದಿತ್ತು.

ಮುಂದೆ ಆದ ತಪ್ಪು ಇಲ್ಲಿಂದಲೇ ಹುಟ್ಟಿತು. ರಫೂಗಾರರ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು ಅದು.

ಎಪ್ಪತ್ತೈದರ ಚಳಿಗಾಲದಲ್ಲಿ, ಮೂವತ್ತು ದಾಟಿದ ಅಖ್ತರ್ ಬಾನು ಬೆಳಿಗ್ಗೆ ಪಾತ್ರೆ ತೊಳೆದು ಎದ್ದರೆ ಬೆರಳುಗಳು ಸುಣ್ಣ ಬಳಿದಂತೆ ಬೆಳ್ಳಗಾಗಿರುತ್ತಿದ್ದವು. ಸ್ವಲ್ಪ ಹೊತ್ತಿಗೆ ನೀಲಿ, ಒಲೆಯ ಮುಂದೆ ಹಿಡಿದರೆ ಕೆಂಪು. ಜೋಮು ಹಿಡಿದಂತೆ ಉರಿ. ಚಳಿಗೆ ಹಾಗಾಗುತ್ತದೆ ಎಂದು ಸುಮ್ಮನಾದರು. ಮರುವರ್ಷ ಬೆಳಗಿನ ಹೊತ್ತು ಬೆರಳು ಊದತೊಡಗಿದವು. ಮದುವೆಯ ಉಂಗುರ ಕಳಚಿ ಡಬ್ಬಿಗೆ ಹೋಯಿತು. ಆಮೇಲೆ ಊತ ಇಳಿಯಿತು. ಇಳಿದ ಮೇಲೆ ಉಳಿದ ಚರ್ಮ ಬೇರೆಯಾಗಿತ್ತು. ನುಣುಪು, ಹೊಳಪು, ಬಿಗಿ. ಚಿವುಟಿದರೆ ಮಡಿಕೆ ಏಳುತ್ತಿರಲಿಲ್ಲ.

ವಹಾಬರಿಗೆ ಹೆಮ್ಮೆಯೋ ಹೆಮ್ಮೆ. ಐವತ್ತು ವರ್ಷ ಸೂಜಿ ಹಿಡಿದ ಅವರ ಬೆರಳೂ ಅಷ್ಟು ಗಟ್ಟಿಯಾಗಿರಲಿಲ್ಲ. ಕೋಟು ತಂದ ಕೊಪ್ಪದ ಗಿರಾಕಿಯೊಬ್ಬರಿಗೆ ಮಗಳ ಕೈ ಹಿಡಿದು ತೋರಿಸಿದರು.

“ಮುಟ್ಟಿ ನೋಡಿ ರಾಯರೇ. ಕಲ್ಲು. ಇಂಥ ಬೆರಳು ನಮ್ಮ ಅಜ್ಜನಿಗೆ ಇತ್ತಂತೆ, ಆಮೇಲೆ ಇವಳಿಗೇ.”

“ನಿಮಗೆ ಇಲ್ವ ಸಾಬ್ರೇ?”

“ನಂಗೆಲ್ಲಿ! ನಾನು ಗಂಜಿ ಕುಡಿದು ಬೆಳೆದವನು. ಇವಳು ನನ್ನ ಬೈಗುಳ ತಿಂದು ಬೆಳೆದವಳು.”

ಮನೆಯಲ್ಲೂ ಅಷ್ಟೇ. ಮುಖದ ಚರ್ಮ ಬಿಗಿಯಾಗಿ, ಹಣೆಯ ಗೆರೆ, ಬಾಯಿಯ ಪಕ್ಕದ ಗೆರೆ ಮಾಯವಾದಾಗ ಶಕೀಲಾ ಕನ್ನಡಿ ತಂದು ಅತ್ತಿಗೆಯ ಮುಂದೆ ಹಿಡಿದಳು. “ಭಾಬಿ, ಎಂತ ಹಚ್ಕೊಳ್ತೀರಿ, ನಂಗೂ ಹೇಳಿ. ನಾನು ಮುದುಕಿ ಆಗ್ತಾ ಬಂದೆ, ನೀವು ಹಿಂದಕ್ಕೆ ಹೋಗ್ತಾ ಇದೀರಿ.” ಬಾಯಿ ಪೂರ್ತಿ ತೆರೆಯಲು ಆಗದೆ ಬಾಳೆಹಣ್ಣನ್ನು ಚಮಚದಲ್ಲಿ ತಿನ್ನುವಂತಾದಾಗ ಜಮಾಲ್, “ಹಣ್ಣಿಗೆ ಬಾಯಿ ಸಾಲೋದಿಲ್ಲ, ನನ್ನ ಬೈಯೋಕೆ ಮಾತ್ರ ಧಾರಾಳ ಸಾಕು” ಎಂದು ನಗಿಸಿದರು. ಅನ್ನ ಎದೆಯ ಮಧ್ಯದಲ್ಲಿ ನಿಂತು, ನೀರು ಕುಡಿದರೆ ಮಾತ್ರ ಇಳಿಯತೊಡಗಿದ ಮೇಲೆ ಯಾರೂ ನಗಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಬೆರಳ ತುದಿಗಳಲ್ಲಿ ಹುಣ್ಣು ಕಾಣಿಸಿತು. ಸಣ್ಣ ಹುಣ್ಣು, ಆದರೆ ಮಾಯುವುದಿಲ್ಲ. ಮಾಯಿದರೂ ಅಲ್ಲಿ ಸೂಜಿಮೊನೆಯಿಂದ ಅಗೆದಂಥ ಗುಳಿ. ಬೆರಳುಗಳು ಒಳಕ್ಕೆ ಬಾಗುತ್ತಿದ್ದವು. ಪೇಟೆಯವರು ನೋಡಿದ್ದು ಇಷ್ಟನ್ನೇ: ಹೊಳೆಯುವ ಚರ್ಮ, ಬಾಗಿದ ಬೆರಳು, ತುದಿಯಲ್ಲಿ ಹುಣ್ಣು. ಅದಕ್ಕೆ ಅವರ ಬಳಿ ಒಂದು ಹೆಸರು ಸಿದ್ಧವಿತ್ತು. ಯಾರೂ ಅದನ್ನು ಎದುರಿಗೆ ಹೇಳಲಿಲ್ಲ. “ಆ ಕಾಯಿಲೆ” ಎಂದರು. ಬಸ್ಸಿನಲ್ಲಿ ಬರುತ್ತಿದ್ದ ಗಂಟುಗಳು ನಿಂತವು. ಒಬ್ಬರು ರಫೂ ಆಗಿ ಬಂದಿದ್ದ ರೇಷ್ಮೆ ಸೀರೆಯನ್ನು, ರೋಗ ಅಂಟಿರಬಹುದು ಎಂದು ಕುದಿಯುವ ನೀರಿಗೆ ಹಾಕಿದರು. ಸೀರೆ ಮುದ್ದೆಯಾಯಿತು. ಅದನ್ನು ಸರಿ ಮಾಡಬಲ್ಲವರು ಇದ್ದದ್ದು ಒಂದೇ ಅಂಗಡಿಯಲ್ಲಿ, ಅಲ್ಲಿಗೆ ಅವರು ಮತ್ತೆ ತರುವಂತಿರಲಿಲ್ಲ.

ಅಖ್ತರ್ ಬಾನು ದಿನವೂ ಬಂದು ಅದೇ ಕಿಟಕಿಯ ಬಳಿ ಕೂತರು. ಕೆಲಸವಿಲ್ಲದ ದಿನ ತಂದೆಯ ಹಳೆಯ ಶೇರ್ವಾನಿಗೆ ಬೇಕೆಂದೇ ತೂತು ಮಾಡಿ, ಅದನ್ನೇ ಮುಚ್ಚುತ್ತಿದ್ದರು. ಕೈ ಬಿಟ್ಟುಹೋದರೆ ಮತ್ತೆ ಬರುವುದಿಲ್ಲ ಎಂಬ ಒಂದೇ ಭಯ ಅವರಿಗಿತ್ತು. ರೋಗದ ಭಯ ಆಮೇಲಿನದು.

ಎಂಬತ್ತರ ಬೇಸಿಗೆಯಲ್ಲಿ ಕುಷ್ಠರೋಗ ತಪಾಸಣೆಯ ಆರೋಗ್ಯ ಕಾರ್ಯಕರ್ತ ಕರಿಯಣ್ಣ ಮನೆ ಮನೆ ನೋಡುತ್ತ ಆ ಬೀದಿಗೆ ಬಂದರು. ಅವರು ಬರುವ ಮೊದಲೇ ನಾಲ್ಕಾರು ಜನ ಅಂಗಡಿಯತ್ತ ಕೈ ತೋರಿಸಿದ್ದರು. ಕರಿಯಣ್ಣ ಸೈಕಲ್ ನಿಲ್ಲಿಸಿ, ಜಗಲಿಯ ಮೇಲೆ ಕೂತು, ಸಾವಕಾಶವಾಗಿ ಚೀಲ ಬಿಚ್ಚಿದರು. ಜಮಾಲ್ ಡಿಪೋದಿಂದ ಓಡಿಬಂದರು.

“ಕಣ್ಣು ಮುಚ್ಚಿ ತಂಗಿ. ನಾನು ಮುಟ್ಟಿದ ಕಡೆ ಬೆರಳಿಟ್ಟು ತೋರಿಸ್ಬೇಕು.”

ಹತ್ತಿಯ ಎಳೆಯನ್ನು ಬೆರಳ ಬೆನ್ನಿಗೆ ತಾಗಿಸಿದರು. ಅಖ್ತರ್ ಬಾನು ತೋರಿಸಿದರು. ಮೊಣಕೈಗೆ, ಕೆನ್ನೆಗೆ, ಪಾದಕ್ಕೆ ತಾಗಿಸಿದರು. ಎಲ್ಲ ಕಡೆಯೂ ತೋರಿಸಿದರು. ಪಿನ್ನಿನ ಮೊನೆ ತಾಗಿಸಿದರು.

“ಇದು ಪಿನ್ನು. ತುದಿ ಬಗ್ಗಿದೆ, ಬೇರೆ ತಗೊಳ್ಳಿ.”

ಕರಿಯಣ್ಣ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. ಒಂದು ನಳಿಕೆಯಲ್ಲಿ ಬಿಸಿ ನೀರು, ಒಂದರಲ್ಲಿ ತಣ್ಣೀರು ತುಂಬಿ ಅದನ್ನೂ ನೋಡಿದರು. ಮೊಣಕೈಯ ಹಿಂದಿನ, ಕಿವಿಯ ಕೆಳಗಿನ ನರ ದಪ್ಪವಾಗಿದೆಯೇ ಎಂದು ಬೆರಳಿನಿಂದ ತಡವಿದರು. ಆಮೇಲೆ ಚೀಲ ಕಟ್ಟಿದರು.

“ನಮ್ಮ ಕಾಯಿಲೆಯಲ್ಲಿ ಮೊದಲು ಹೋಗೋದು ಸ್ಪರ್ಶ. ಇವರಿಗೆ ನನಗಿಂತ ಜಾಸ್ತಿ ಇದೆ. ಇದು ನಮ್ಮ ಇಲಾಖೆದಲ್ಲ ಮಾರಾಯ್ರೇ.”

“ಹಾಗಾದ್ರೆ ಯಾವ ಇಲಾಖೆದು?” ಎಂದರು ಜಮಾಲ್.

“ಅದು ನಂಗೂ ಗೊತ್ತಿಲ್ಲ. ಘಾಟಿ ಇಳಿದು ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ. ತಡ ಮಾಡಬೇಡಿ.” ಆಮೇಲೆ ಬೀದಿಯಲ್ಲಿ ನಿಂತಿದ್ದವರಿಗೆ ಕೇಳುವಂತೆ ಅಖ್ತರ್ ಬಾನುಗೆ ಹೇಳಿದರು: “ಒಂದು ಲೋಟ ಚಾ ಕೊಡ್ತೀರಾ ತಂಗಿ? ನಿಮ್ಮ ಕೈಯಾರೆ ಮಾಡಿದ್ದು.” ಆ ಚಾವನ್ನು ಅವರು ಬೀದಿಗೆ ಮುಖ ಮಾಡಿ ಕೂತು ಕುಡಿದರು.

ಕೊಪ್ಪಕ್ಕೆ ಒಂದು ಬಸ್ಸು, ಅಲ್ಲಿಂದ ಆಗುಂಬೆ ಘಾಟಿ ಇಳಿಯುವ ಇನ್ನೊಂದು ಬಸ್ಸು. ಜಮಾಲ್ ಜೊತೆ ವಹಾಬರೂ ಹಟ ಹಿಡಿದು ಹೊರಟರು. ಅವರಿಗೆ ಆಗಲೇ ಎಪ್ಪತ್ತರ ಹತ್ತಿರ. ದಾರಿಯುದ್ದಕ್ಕೂ ಮಗಳ ಬೆರಳನ್ನೇ ನೋಡುತ್ತಿದ್ದರು.

ಕರಾವಳಿಯ ಆ ದೊಡ್ಡ ಆಸ್ಪತ್ರೆಯಲ್ಲಿ ಅವರನ್ನು ನೋಡಿದ ದತ್ತಮೂರ್ತಿ ಶೃಂಗೇರಿ ಕಡೆಯ ಯುವ ವೈದ್ಯರು. ತೋಳಿನ ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬೇರಿಯಂ ಕುಡಿಸಿ ಅನ್ನನಾಳದ ಎಕ್ಸ್‌ರೇ ತೆಗೆಸಿದರು, ಎದೆಯದೂ ತೆಗೆಸಿದರು. ರಕ್ತವನ್ನು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದ್ದರಿಂದ ಅದರ ಫಲಿತಾಂಶ ಬರಲು ಕೆಲವು ವಾರ ಹಿಡಿಯಿತು. ಎರಡನೆಯ ಸಲ ಹೋದಾಗ ಮೂವರನ್ನೂ ಕೂರಿಸಿಕೊಂಡು ಹೇಳಿದರು. ರೋಗದ ಹೆಸರು ಸಿಸ್ಟಮಿಕ್ ಸ್ಕ್ಲೆರೋಸಿಸ್. ಮೈಯ ಚರ್ಮ, ಒಳಗಿನ ಅಂಗಗಳು ನಿಧಾನವಾಗಿ ಗಡುಸಾಗುವ ರೋಗ.

ವಹಾಬರು ಮಾತು ಮುಗಿಯಲು ಬಿಡಲಿಲ್ಲ. “ಡಾಕ್ಟ್ರೇ, ಪಟಿಕ. ಅವಳ ಬೆರಳನ್ನ ಪಟಿಕದ ನೀರಿಗೆ ಹಾಕಿಸಿದ್ದು ನಾನು. ಚಿಕ್ಕವಳಿದ್ದಾಗ. ಗಟ್ಟಿ ಆಗಲಿ ಅಂತ ನಾನೇ.”

ದತ್ತಮೂರ್ತಿ ಮುದುಕರ ಕಡೆ ತಿರುಗಿದರು. “ಇವರಿಗೆ ಅನ್ನ ಎದೆಯಲ್ಲಿ ನಿಲ್ತದೆ. ಗಂಟಲನ್ನೂ ಪಟಿಕದಲ್ಲಿ ಅದ್ದಿದ್ರಾ?”

“ಇಲ್ಲ.”

“ಮತ್ತೆ? ಆ ಯೋಚನೆ ಬಿಡಿ ಸಾಬ್ರೇ. ಹೊರಗಿಂದ ಹಚ್ಚಿದ್ದು ಯಾವುದೂ ಇದನ್ನ ಮಾಡಿಲ್ಲ. ಒಳಗಿಂದ ಆಗಿದ್ದು ಇದು.”

ಒಳಗಿಂದ ಎಂದರೆ ಏನು ಎಂದು ಅಖ್ತರ್ ಬಾನು ಕೇಳಿದರು. ವೈದ್ಯರು ಅವಸರ ಮಾಡಲಿಲ್ಲ. ರಕ್ತದಲ್ಲಿ ಬಿಳಿಯ ಕಣಗಳಿವೆ, ಅವು ಮೈಯ ಕಾವಲು. ಹೊರಗಿಂದ ಬಂದ ರೋಗಾಣುವನ್ನು ಗುರುತು ಹಿಡಿಯುವುದು, ಹೊಡೆಯುವುದು, ಅದಕ್ಕೆ ತಕ್ಕ ಪ್ರತಿಕಾಯಗಳನ್ನು ತಯಾರಿಸಿಡುವುದು ಅವುಗಳ ಕೆಲಸ. ತನ್ನದು ಯಾವುದು, ಹೊರಗಿನದು ಯಾವುದು ಎಂಬ ಗುರುತು ಅವಕ್ಕೆ ಹುಟ್ಟಿನಿಂದ ಇರುತ್ತದೆ.

“ನಿಮ್ಮ ಮೈಯಲ್ಲಿ ಆ ಗುರುತು ಎಲ್ಲೋ ತಪ್ಪಿದೆ. ನಿಮ್ಮದೇ ಜೀವಕೋಶದ ತಿರುಳಿನ ವಿರುದ್ಧ ನಿಮ್ಮದೇ ರಕ್ತ ಪ್ರತಿಕಾಯ ಮಾಡಿಟ್ಟಿದೆ. ರಕ್ತಪರೀಕ್ಷೆಯಲ್ಲಿ ಬಂದಿದ್ದು ಅದೇ. ಚರ್ಮದ ಚೂರಿನಲ್ಲೂ ಆ ಕಾವಲಿನ ಕಣಗಳು ಗುಂಪುಗೂಡಿ ಕೂತಿವೆ, ಅವಕ್ಕೆ ಅಲ್ಲಿ ಎಂತದೂ ಕೆಲಸ ಇಲ್ಲ.”

“ಕೂತು ಎಂತ ಮಾಡ್ತವೆ?”

“ಮೊದಲು ಸಣ್ಣ ರಕ್ತನಾಳದ ಒಳಪದರಕ್ಕೆ ಪೆಟ್ಟು ಬೀಳ್ತದೆ. ನಾಳ ಕಿರಿದಾಗ್ತದೆ. ಚಳಿಗೆ ಬೆರಳು ಬೆಳ್ಳಗಾಗೋದು, ಹುಣ್ಣು ಮಾಯದಿರೋದು ಎಲ್ಲ ಅದಕ್ಕೇ. ಆಮೇಲೆ, ನಮ್ಮ ಮೈಯಲ್ಲಿ ಗಾಯ ಆದ್ರೆ ನಾರು ತಯಾರಿಸಿ ಮುಚ್ಚೋ ಕೋಶಗಳು ಬೇರೆ ಇವೆ. ಕಾವಲಿನ ಕಣಗಳು ಅವಕ್ಕೆ ಕೆಲಸ ಹೇಳ್ತಾನೇ ಇರ್ತವೆ. ಅವು ನಾರು ಮಾಡ್ತಾನೇ ಇರ್ತವೆ. ನಾರು ತುಂಬಿ ತುಂಬಿ ಚರ್ಮ ಹಲಗೆ ಆಗ್ತದೆ.”

“ಗಾಯ ಎಲ್ಲಿತ್ತು?”

“ಹೊರಗೆ ಕಾಣೋ ಗಾಯ ಇರಲಿಲ್ಲ.”

ಅಖ್ತರ್ ಬಾನು ತಂದೆಯ ಕಡೆ ತಿರುಗಿದರು. “ಅಬ್ಬಾ, ತೂತಿಲ್ಲದ ಕಡೆ ರಫೂ.”

ವಹಾಬರಿಗೆ ತಕ್ಷಣ ಅರ್ಥವಾಯಿತು. ವೈದ್ಯರಿಗೆ ಆಗಲಿಲ್ಲ. ಹೊಸದಾಗಿ ಕಲಿಯುವವರು ಮಾಡುವ ಕೆಲಸ ಅದು ಎಂದು ಅಖ್ತರ್ ಬಾನು ವಿವರಿಸಿದರು. ತೂತು ಮುಚ್ಚಿದ ಮೇಲೂ ಕೈ ನಿಲ್ಲುವುದಿಲ್ಲ. ಸುತ್ತಲಿನ ಬಟ್ಟೆಯೂ ಸವೆದಿದೆ ಅನ್ನಿಸುತ್ತದೆ, ಅಲ್ಲಿಗೂ ನೂಲು, ಅದರ ಪಕ್ಕಕ್ಕೂ ನೂಲು. ಬಟ್ಟೆ ದಪ್ಪವಾಗುತ್ತದೆ, ಬಗ್ಗುವುದಿಲ್ಲ, ಸುತ್ತ ಎಲ್ಲವನ್ನೂ ಎಳೆದು ಬಿಗಿ ಮಾಡುತ್ತದೆ. ಕಡೆಗೆ ಅದರ ಅಂಚಿನಲ್ಲೇ ಹರಿಯುತ್ತದೆ.

ದತ್ತಮೂರ್ತಿ ತಲೆಯಾಡಿಸಿದರು. “ಹೆಚ್ಚುಕಮ್ಮಿ ಅದೇ” ಎಂದರು.

“ಹೊಸಬರಿಗೆ ನಾವು ಬೈದು ನಿಲ್ಲಿಸ್ತೀವಿ. ಇವರನ್ನ ಯಾರು ನಿಲ್ಲಿಸೋದು?”

“ಮಾತ್ರೆ ಇದೆ. ಸ್ವಲ್ಪ ನಿಧಾನ ಮಾಡ್ಬಹುದು, ಪೂರ್ತಿ ನಿಲ್ಲಿಸ್ತದೆ ಅಂತ ಹೇಳಿದ್ರೆ ಸುಳ್ಳಾಗ್ತದೆ. ಮೊದಲಿಗೆ ಗುರುತು ಯಾಕೆ ತಪ್ಪಿತು ಅಂತ ನಮಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.”

“ನೂಲು ನನ್ನದೇ ಅಲ್ವಾ? ಬೇರೆಯವರ ಬಟ್ಟೆಗೆ ಹೋಗೋದಿಲ್ಲ ಅಲ್ವಾ?”

“ಇಲ್ಲ. ಮುಟ್ಟಿದ್ರೂ ಇಲ್ಲ, ಒಟ್ಟಿಗೆ ಉಂಡ್ರೂ ಇಲ್ಲ. ಅದನ್ನ ಮಾತ್ರ ಗಟ್ಟಿಯಾಗಿ ಹೇಳ್ತೇನೆ.”

ಆಮೇಲೆ ಅವರು ಹೇಳಿದ ಮಾತಿಗೆ ಅಖ್ತರ್ ಬಾನು ಸಿದ್ಧರಿರಲಿಲ್ಲ. ಬೆರಳ ತುದಿಗೆ ರಕ್ತ ಸಾಲುತ್ತಿಲ್ಲ. ಸೂಜಿಯ ಒಂದೊಂದು ಚುಚ್ಚೂ ಹುಣ್ಣಾಗಬಹುದು, ಹುಣ್ಣು ಕೊಳೆತರೆ ತುದಿ ಕತ್ತರಿಸಬೇಕಾಗಬಹುದು. ಸೂಜಿ ಬಿಡುವುದು ಒಳ್ಳೆಯದು.

“ಬಿಟ್ರೆ ಕಾಯಿಲೆ ಹೋಗ್ತದಾ?”

“ಇಲ್ಲ. ಗಾಯ ಆಗೋದು ತಪ್ತದೆ.”

“ಹಾಗಾದ್ರೆ ಗಾಯ ಆಗದ ಹಾಗೆ ಹಿಡಿಯೋದನ್ನ ಕಲೀತೀನಿ.”

ದತ್ತಮೂರ್ತಿ ಜಮಾಲ್ ಕಡೆ ನೋಡಿದರು. ಜಮಾಲ್ ಕೈ ಚೆಲ್ಲಿದರು. “ಮದುವೆಯಲ್ಲೇ ಆದ ಮಾತು ಡಾಕ್ಟ್ರೇ. ಸೂಜಿ ನನ್ನ ಕೈಯಲ್ಲಿಲ್ಲ.”

ಊರಿಗೆ ಬಂದ ಮೇಲೆ ವಹಾಬರು ಮೊದಲು ಮಾಡಿದ ಕೆಲಸ ಬೀದಿಯ ಒಂದೊಂದು ಅಂಗಡಿಗೂ ಹೋಗಿ ಹೇಳಿದ್ದು. ಮಗಳ ಮೈಯ ಕಾವಲಿನವರೇ ಮಗಳ ಮೇಲೆ ಬಿದ್ದಿದ್ದಾರೆ, ಇದು ಹೊರಗಿಂದ ಬಂದದ್ದಲ್ಲ, ಇನ್ನೊಬ್ಬರಿಗೆ ಹೋಗುವುದೂ ಇಲ್ಲ ಎಂದು. ಕೆಲವರು ನಂಬಿದರು, ಕೆಲವರು ತಲೆಯಾಡಿಸಿದರು. ಮರುವರ್ಷ ವಹಾಬರು ತೀರಿಕೊಂಡರು. ಕಡೆಯವರೆಗೂ ಮಗಳ ಬೆರಳನ್ನು ಯಾರಿಗೂ ಮುಟ್ಟಿ ನೋಡಲು ಹೇಳಲಿಲ್ಲ. ಅವಳು ಮಾಡಿದ ಬಟ್ಟೆಯನ್ನು ಮುಟ್ಟಿ ನೋಡಿ ಎನ್ನುತ್ತಿದ್ದರು.

ಅಖ್ತರ್ ಬಾನು ಮೂವತ್ತೇಳನೆಯ ವಯಸ್ಸಿನಲ್ಲಿ ಕಸುಬನ್ನು ಮತ್ತೊಮ್ಮೆ ಕಲಿತರು. ಹೆಬ್ಬೆರಳು ತೋರುಬೆರಳ ತುದಿಯಲ್ಲಿ ಹಿಡಿಯುತ್ತಿದ್ದ ಸೂಜಿಯನ್ನು ಬೆರಳ ನಡುಗೆಣ್ಣಿನ ಪಕ್ಕದಲ್ಲಿ ಹಿಡಿದರು. ತುದಿಗಳಿಗೆ ಮೇಕೆ ಚರ್ಮದ ಟೋಪಿ ಹೊಲಿದುಕೊಂಡರು. ಬಿಸಿ ಮರಳಿನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಬೆರಳು ಬೆಳ್ಳಗಾಗುವ ಮೊದಲೇ ಅದರ ಮೇಲೆ ಕೈ ಇಡುತ್ತಿದ್ದರು. ಮಾತ್ರೆ ನುಂಗುತ್ತಿದ್ದರು, ಬೆರಳು ಬಿಡಿಸುವ ಅಭ್ಯಾಸ ಬಿಡದೆ ಮಾಡುತ್ತಿದ್ದರು. ಮಳೆಗಾಲದಲ್ಲೂ ಚಳಿಯಲ್ಲೂ ಸೂಜಿ ಮುಟ್ಟುವುದಿಲ್ಲ ಎಂದು ಗೊತ್ತು ಮಾಡಿಕೊಂಡರು. ರಫೂ ಕೆಲಸ ಹೆಚ್ಚಿರುವುದೇ ಮಳೆಗಾಲ ಮುಗಿದ ಚಳಿಯಲ್ಲಿ. ಶಿವರಾತ್ರಿ ಕಳೆದ ಮೇಲೆ ತನ್ನಿ ಎಂದರೆ ಬಂದ ಕೆಲವೇ ಗಿರಾಕಿಗಳೂ ಗೊಣಗುತ್ತಿದ್ದರು. ಅವರಲ್ಲಿ ಅರ್ಧದಷ್ಟು ಜನ ತಂದೇ ತಂದರು.

ಶಕೀಲಾ ಅತ್ತಿಗೆಯ ಪಕ್ಕದಲ್ಲಿ ಕೂತು ಹತ್ತಿ ಬಟ್ಟೆಯ ರಫೂ ಕಲಿತಳು. ಅವಳ ಕೈ ಒರಟು, ಬಾಯಿ ಚುರುಕು.

ಎಂಬತ್ತಮೂರರ ಬೇಸಿಗೆಯಲ್ಲಿ ಶೃಂಗೇರಿ ಬಳಿಯ ಮೆಣಸೆಯ ಶಾರದಾಂಬ ಬಂದರು. ವಹಾಬರ ಕಾಲದ ಗಿರಾಕಿ. ನಾಲ್ಕು ವರ್ಷ ಈ ಕಡೆ ಸುಳಿದಿರಲಿಲ್ಲ. ಬಟ್ಟೆಯ ಗಂಟನ್ನು ಜಗಲಿಯ ಮೇಲೆ ಇಟ್ಟು, ಅಖ್ತರ್ ಬಾನುವಿನ ಕೈಯನ್ನೇ ನೋಡುತ್ತ ನಿಂತರು.

“ಕೂತ್ಕೊಳ್ಳಿ ಅಮ್ಮಾ. ಕೈ ಆಮೇಲೆ ನೋಡಬಹುದು, ಬಟ್ಟೆ ಮೊದಲು ತೋರಿಸಿ.”

ಶಾರದಾಂಬ ಕೂತರು. ಗಂಟಿನಲ್ಲಿದ್ದದ್ದು ಕಾಶ್ಮೀರದ ಉಣ್ಣೆಯ ಶಾಲು. ಅವರ ಮಾವನವರಿಗೆ ಯಾವುದೋ ವಿದ್ವತ್ ಸಭೆಯಲ್ಲಿ ಹೊದಿಸಿದ್ದು, ಮಾಸಲು ಕೇಸರಿ, ಕೂದಲಿನಷ್ಟು ತೆಳ್ಳಗಿನ ನೂಲು. ಕಳೆದ ಮಳೆಗಾಲ ಕೆಂಡದ ಮೇಲೆ ಹಾಕಿದಾಗ ನಡುವೆ ಸುಟ್ಟು, ಅಂಗೈ ಇಡುವಷ್ಟು ತೂತಾಗಿತ್ತು. ಗಂಡ ಅನಂತಮೂರ್ತಿಯವರ ಅರವತ್ತರ ಶಾಂತಿಗೆ ಅದನ್ನು ಹೊದಿಸಬೇಕೆಂದು ಅವರ ಆಸೆ.

“ಶಿವಮೊಗ್ಗದಲ್ಲಿ ತೋರಿಸ್ದೆ. ಆಗೋದಿಲ್ಲ ಅಂದ್ರು. ಇನ್ನೊಬ್ಬ ತೇಪೆ ಹಾಕ್ತೀನಿ ಅಂದ. ನಿಂಗೆ ಆಗ್ತದಾ ಬಾನು? ಸುಳ್ಳು ಹೇಳ್ಬೇಡ ಮಾರಾಯ್ತಿ.”

ಅಖ್ತರ್ ಬಾನು ಶಾಲನ್ನು ಬೆಳಕಿಗೆ ಹಿಡಿದರು. ಈ ಬೆರಳು ಬಂದ ಮೇಲೆ ಅಷ್ಟು ತೆಳ್ಳಗಿನ ನೂಲನ್ನು ಅವರು ಮುಟ್ಟಿರಲಿಲ್ಲ. ಆಗುವುದಿಲ್ಲ ಎಂದರೆ ಮುಂದೆಂದೂ ಮುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಒರಟು ಕೋಟು, ಸಮವಸ್ತ್ರ, ಶಕೀಲಾ ಮಾಡುವಂಥ ಕೆಲಸ, ಅಷ್ಟೇ ಉಳಿಯುತ್ತದೆ.

“ಬಿಟ್ಟು ಹೋಗಿ” ಎಂದರು.

ಮೊದಲ ಸಲ ಮಾಡಿದ್ದು ಕೆಟ್ಟಿತು. ತೂತು ಮುಚ್ಚಿತು, ಆದರೆ ನಡುಗೆಣ್ಣಿನಲ್ಲಿ ಹಿಡಿದ ಸೂಜಿಯಿಂದ ನೂಲು ಎಳೆಯುವಾಗ ಬಿಗಿ ಹೆಚ್ಚಾಗಿ, ಆ ಜಾಗ ಸುತ್ತಲಿನ ಬಟ್ಟೆಯನ್ನು ಸೆಳೆಯುತ್ತಿತ್ತು. ಯಾರೇ ಆದರೂ ಅಂಗೈ ಆಡಿಸಿದರೆ ಸಿಗುತ್ತಿತ್ತು. ಶಕೀಲಾ ಚೆನ್ನಾಗಿದೆ ಎಂದಳು. ಅಖ್ತರ್ ಬಾನು ಎಳೆ ಎಳೆಯಾಗಿ ಎಲ್ಲವನ್ನೂ ಬಿಚ್ಚಿದರು.

“ಭಾಬಿ, ಹುಚ್ಚು ಹಿಡಿದಿದೆಯಾ? ಆ ಅಮ್ಮನಿಗೆ ಗೊತ್ತಾಗ್ತಿತ್ತಾ?”

“ನಂಗೆ ಗೊತ್ತಾಯ್ತಲ್ಲ.”

ತೊಂದರೆ ಎಳೆಯುವುದರಲ್ಲಿತ್ತು. ಸೂಜಿಯನ್ನು ಸರಿಯಾದ ಎಳೆಯ ಕೆಳಗೆ ತೂರಿಸಲು ಅಖ್ತರ್ ಬಾನುಗೆ ಆಗುತ್ತಿತ್ತು; ತೂರಿದ ಮೇಲೆ ತುದಿ ಹಿಡಿದು ಹಗುರವಾಗಿ ಎಳೆಯಲು ಆಗುತ್ತಿರಲಿಲ್ಲ. ಒಂದು ತೂತಿಗೆ ಒಂದೇ ಕೈ ಎಂಬುದು ವಹಾಬರ ಕಟ್ಟಳೆ. ಇಬ್ಬರ ಕೈಯ ಬಿಗಿ ಒಂದೇ ಇರುವುದಿಲ್ಲ, ಬಟ್ಟೆ ಹೇಳಿಬಿಡುತ್ತದೆ ಎನ್ನುತ್ತಿದ್ದರು. ಎರಡು ದಿನ ಯೋಚಿಸಿ ಅಖ್ತರ್ ಬಾನು ಆ ಕಟ್ಟಳೆಯನ್ನು ಮುರಿದರು. ತೂರಿಸುವುದು ತಾವು, ಎಳೆಯುವುದು ಶಕೀಲಾ. ಶಕೀಲಾಳ ಮಣಿಕಟ್ಟಿನ ಮೇಲೆ ತಮ್ಮ ಎಡಗೈ ಇಟ್ಟು, ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಒತ್ತಿ ಹೇಳುತ್ತಿದ್ದರು. ಬೆರಳ ತುದಿಗೆ ಹಿಡಿತ ತಪ್ಪಿದ್ದರೂ ಅಂಗೈಯಲ್ಲಿ ಸೂಕ್ಷ್ಮ ಉಳಿದಿತ್ತು.

“ಸಾಕು. ಸಾಕು ಅಂದೆ! ಬಾವಿಯಿಂದ ಕೊಡಪಾನ ಸೇದ್ತಾ ಇದೀಯಾ?”

“ನನ್ನ ಕೈಯೂ ನನ್ನದಲ್ಲ ಈಗ. ನಾಳೆ ಉಣ್ಣೋವಾಗಲೂ ಹೀಗೆ ಹಿಡ್ಕೊಳ್ತೀರಾ ಹೇಗೆ?”

“ಉಣ್ಣೋದು ನಿಂಗೆ ಯಾರೂ ಕಲಿಸ್ಬೇಕಿಲ್ಲ. ಎಳಿ.”

ಇಡೀ ಬೇಸಿಗೆ ಹಿಡಿಯಿತು. ಬೆರಳು ಬೆಳ್ಳಗಾದಾಗ ನಿಲ್ಲಿಸಿ, ಮರಳಿನ ಚೀಲ ಬಿಸಿ ಮಾಡಿ, ಮತ್ತೆ ಕೂರುತ್ತಿದ್ದರು. ಮೊದಲ ಮಳೆ ಬೀಳುವ ಹೊತ್ತಿಗೆ ಮುಗಿದಿತ್ತು. ಬೆರಳಿನಲ್ಲಿ ಹೊಸ ಹುಣ್ಣು ಒಂದೂ ಇರಲಿಲ್ಲ.

ಶಾರದಾಂಬ ಬಂದ ದಿನ ಚಾಪೆಯ ಮೇಲೆ ಶಾಲು ಹರಡಿತ್ತು. ರಿವಾಜು ಅವರಿಗೆ ಗೊತ್ತಿದ್ದದ್ದೇ. ಕನ್ನಡಕ ಹಾಕಿಕೊಂಡು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೋಡಿದರು. ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಅಂಗೈ ಆಡಿಸಿದರು. ನಡುವೆ ಎಲ್ಲೋ ಇರಬೇಕೆಂದು ಅವರಿಗೆ ನೆನಪಿತ್ತು, ಅಲ್ಲೇ ಸುತ್ತಿದರು. ಅಖ್ತರ್ ಬಾನು ಬೇರೆ ಕಡೆ ನೋಡುತ್ತ ಕೂತಿದ್ದರು. ಕಡೆಗೆ ಶಾರದಾಂಬ ಒಂದು ಕಡೆ ಬೆರಳಿಟ್ಟರು.

“ಸಿಕ್ತು! ಇಲ್ಲಿ. ಗಂಟಿನ ಹಾಗೆ ತಾಗ್ತದೆ.”

ಅಖ್ತರ್ ಬಾನು ಬಗ್ಗಿ ನೋಡಿದರು. ಅವರ ಕೆಲಸ ಇದ್ದ ಜಾಗ ಅಲ್ಲಿಂದ ಒಂದು ಗೇಣು ಆಚೆಗಿತ್ತು.

“ಅದು ಕಾಶ್ಮೀರದವನು ನೇಯುವಾಗ ಹಾಕಿದ ಗಂಟು ಅಮ್ಮಾ. ಅವನ ತಪ್ಪಿಗೆ ನನ್ನ ಕೂಲಿ ಹಿಡೀಬೇಡಿ.”

ಶಾರದಾಂಬ ಜೋರಾಗಿ ನಕ್ಕರು. ಆಮೇಲೆ ಶಾಲಿನ ಮೇಲಿಂದ ಕೈ ಎತ್ತಿ, ಅಖ್ತರ್ ಬಾನುವಿನ ಬಾಗಿದ ಬೆರಳುಗಳನ್ನು ಹಿಡಿದುಕೊಂಡರು. “ನಾಲ್ಕು ವರ್ಷ ಬರಲಿಲ್ಲ ನಾನು” ಎಂದರು. ಅಖ್ತರ್ ಬಾನು ಶಾಲನ್ನು ಮಡಚಿ ಕೊಟ್ಟರು. “ಕೆಂಡದ ಮೇಲೆ ಮತ್ತೆ ಹಾಕ್ಬೇಡಿ, ಅಷ್ಟು ಸಾಕು” ಎಂದರು.

ಆ ಶಾಂತಿಗೆ ಬಂದ ನೆಂಟರು ಶಾಲನ್ನು ಹಿಡಿದು ಹುಡುಕಿದರಂತೆ. ಅದು ಒಂದು ಆಟವೇ ಆಯಿತಂತೆ. ಮರುವರ್ಷದಿಂದ ಶಿವರಾತ್ರಿ ಕಳೆದ ಮೇಲೆ ಶೃಂಗೇರಿ ಬಸ್ಸಿನಲ್ಲಿ ಮತ್ತೆ ಗಂಟುಗಳು ಬರತೊಡಗಿದವು. ಎಲ್ಲರೂ ಬರಲಿಲ್ಲ. ಅಷ್ಟು ಹೊತ್ತಿಗೆ ಟೆರಿಲಿನ್ ಬಂದು, ಹರಿದರೆ ಎಸೆಯುವ ಕಾಲವೂ ಆಗಿತ್ತು.

ಎಂಬತ್ತಾರರ ಬೇಸಿಗೆಯಲ್ಲಿ ತಪಾಸಣೆಗೆಂದು ಅಖ್ತರ್ ಬಾನು ಶಕೀಲಾ ಜೊತೆ ಘಾಟಿ ಇಳಿದರು. ದತ್ತಮೂರ್ತಿಯವರ ಕೂದಲು ಅಲ್ಲಲ್ಲಿ ಹಣ್ಣಾಗಿತ್ತು. ತೋಳಿನ ಚರ್ಮ ಹಿಡಿದು ನೋಡಿದರು. ಈ ಸಲ ಸಣ್ಣ ಮಡಿಕೆ ಎದ್ದಿತು. ಬಿಗಿತ ಮೊಣಕೈ ದಾಟಿ ಮೇಲೆ ಹೋಗಿರಲಿಲ್ಲ. ಶ್ವಾಸಕೋಶದ ಕೆಳತುದಿಯಲ್ಲಿ ಹಿಂದೆ ಕಂಡಿದ್ದ ನಾರಿನ ಗೆರೆಗಳು ಹಾಗೇ ಇದ್ದವು, ಹೆಚ್ಚಾಗಿರಲಿಲ್ಲ. ಬೆರಳುಗಳು ಮಾತ್ರ ಇನ್ನಷ್ಟು ಬಾಗಿದ್ದವು.

“ಕಾವಲಿನವರು ಸ್ವಲ್ಪ ಸುಮ್ಮನಾದ ಹಾಗೆ ಕಾಣ್ತದೆ. ಮಾತ್ರೆಯಿಂದಲೋ, ತಾವಾಗಿಯೋ, ಹೇಳೋದು ಕಷ್ಟ. ಕೆಲವರಲ್ಲಿ ಹಾಗೆ ಆಗ್ತದೆ” ಎಂದರು. ಆಮೇಲೆ ಕೇಳಿದರು: “ಸೂಜಿ ಬಿಟ್ಟಿದೀರಾ?”

“ಇಲ್ಲ.”

“ನಾನು ಹೇಳಿದ್ದು ಎಂತ?”

“ಗಾಯ ಮಾಡ್ಕೋಬೇಡ ಅಂದ್ರಿ. ಮಾಡ್ಕೊಂಡಿಲ್ಲ. ನೋಡಿ.” ಹತ್ತು ಬೆರಳನ್ನೂ ಮೇಜಿನ ಮೇಲೆ ಇಟ್ಟರು.

ವೈದ್ಯರು ಒಂದೊಂದಾಗಿ ನೋಡಿದರು. ಹಳೆಯ ಗುಳಿಗಳಿದ್ದವು, ಹೊಸ ಹುಣ್ಣು ಇರಲಿಲ್ಲ. ಎದ್ದು ಅವರನ್ನು ಬಾಗಿಲವರೆಗೆ ಬಿಡಲು ಬಂದಾಗ, ಅವರ ಬಿಳಿ ಕೋಟಿನ ಜೇಬು ಬಾಗಿಲ ಚಿಲಕಕ್ಕೆ ಸಿಕ್ಕಿ ಮೂಲೆಯಲ್ಲಿ ಹರಿದು ನೇತಾಡಿತು. ದತ್ತಮೂರ್ತಿ ಅದನ್ನು ಅಖ್ತರ್ ಬಾನುವಿನ ಮುಂದೆ ಹಿಡಿದು, “ಇಷ್ಟೆಲ್ಲ ಹೇಳ್ತೀರಲ್ಲ, ಇದೊಂದನ್ನ ಮುಚ್ಚಿಕೊಡಿ ನೋಡುವ” ಎಂದರು.

ಅಖ್ತರ್ ಬಾನು ಜೇಬನ್ನು ಒಮ್ಮೆ ನೋಡಿದರು.

“ಶಕೀಲಾಗೆ ಕೊಡಿ ಡಾಕ್ಟ್ರೇ. ಇಂಥದ್ದಕ್ಕೆಲ್ಲ ನಾನು ಬೆರಳು ಖರ್ಚು ಮಾಡೋದಿಲ್ಲ.”

ದತ್ತಮೂರ್ತಿ ಕೋಟು ಕಳಚಿದರು. ಶಕೀಲಾ ಅಲ್ಲೇ ಬೆಂಚಿನ ಮೇಲೆ ಕೂತು ಚೀಲದಿಂದ ಸೂಜಿ ತೆಗೆದಳು.